ನೂರು ಅಡಿಯೊಳಗಿನ ಕಸುಬು

ಮನೆಯ ಹಿಂದಿನ ಶಾಪಿಂಗ್ ಸೆಂಟರಿನ ಕೊನೆಯ ಮಳಿಗೆಯ ಶಟರಿಗೆ ನಗರಸಭೆಯವರು ನೋಟೀಸು ಅಂಟಿಸಿ ಹೋದ ದಿನ ಮಾವನವರ ವಯಸ್ಸು ಹತ್ತು ವರ್ಷ ಇಳಿಯಿತು. ಹಾಲು ತನ್ನಿ ಎಂದರೆ ಅವರಿಗೆ ಮಂಡಿನೋವು, ಮೊಮ್ಮಗಳನ್ನು ಶಾಲೆಯಿಂದ ಕರೆತನ್ನಿ ಎಂದರೆ ಸೊಂಟನೋವು. ನೋಟೀಸು ಓದಲು ಮಾತ್ರ ಉರಿಬಿಸಿಲಿನಲ್ಲಿ ಎರಡು ಸಲ ಹೋಗಿಬಂದರು. ಮೊದಲ ಸಲ ಕನ್ನಡಕ ಮರೆತಿದ್ದರಂತೆ.

"ಗ್ಯಾರೇಜಂತೆ, ಗ್ಯಾರೇಜು!" ಎಂದು ಗೇಟಿನಿಂದಲೇ ಕೂಗಿಕೊಂಡು ಬಂದರು. "ನಮ್ಮ ಹಿತ್ತಿಲ ಗೋಡೆಗೆ ಆತುಕೊಂಡು ಕಾರು ರಿಪೇರಿ ಮಾಡ್ತಾರಂತೆ. ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ತಿಳಿಸಿ ಅಂತ ಹಾಕಿದಾರೆ. ಇದ್ದರೆ ಅಂತೆ! ಇಲ್ಲದೆ ಏನು?"

"ಕೈ ತೊಳ್ಕೊಂಡು ಬನ್ನಿ, ಅನ್ನ ಆರ್ತಿದೆ," ಎಂದರು ಅತ್ತೆ.

"ಅನ್ನ ಎಲ್ಲೂ ಓಡಿಹೋಗಲ್ಲ. ಬಿಳಿ ಕಾಗದ ಎಲ್ಲಿದೆ?"

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಬಿಳಿ ಕಾಗದ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಉಪ್ಪು ಎಲ್ಲಿದೆ ಎಂದು ಮಾತ್ರ ನಲವತ್ತು ವರ್ಷದಿಂದ ಗೊತ್ತಿಲ್ಲ.

ಮಾವನವರು ಮೂವತ್ತೆಂಟು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಬೀದಿದೀಪ ಉರಿಯದಿದ್ದರೆ ಅರ್ಜಿ, ಉರಿದರೆ ಕಣ್ಣಿಗೆ ಹೊಡೆಯುತ್ತದೆಂದು ಅರ್ಜಿ. ಪಕ್ಕದ ಮನೆಯ ಮರದ ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆಂದು ಬರೆದದ್ದಕ್ಕಂತೂ ಮರವೇ ಹೋಯಿತು, ಈಗ ಬೇಸಿಗೆಯಲ್ಲಿ ಅವರ ಕೋಣೆ ಕಾದ ಹೆಂಚು. ಬೀದಿಯವರು ಎದುರಿಗೆ ಅರ್ಜಿ ಯಜಮಾನರು ಎಂದು ಗೌರವದಿಂದ ಕರೆಯುತ್ತಿದ್ದರು, ಬೆನ್ನ ಹಿಂದೆ ಅದೇ ಹೆಸರು ಹೇಳಿ ಕಿಸಕ್ಕೆನ್ನುತ್ತಿದ್ದರು. ಮಾವನವರಿಗೆ ಎದುರಿನದಷ್ಟೇ ಕೇಳಿಸುತ್ತಿತ್ತು.

ಇನ್ನು ಆ ಮುಂದಿನ ಕೋಣೆ. ಒಂದು ಕಾಲದಲ್ಲಿ ಬಂದವರು ಕೂರುವ ಜಾಗ. ಹನ್ನೊಂದು ವರ್ಷದಿಂದ ಅಲ್ಲಿ ಮೆಷಿನ್ನುಗಳು: ಮೋಟಾರಿನ ಎರಡು ಹೊಲಿಗೆ ಮೆಷಿನ್ನು, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್. ಎರಡು ಶಾಲೆಗಳ ಸಮವಸ್ತ್ರ ಅಲ್ಲಿ ತಯಾರಾಗುತ್ತಿತ್ತು. ಕತ್ತರಿಸುವುದು, ಹೊಲಿಯುವುದು ಸೊಸೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕಾಜ ಹಾಕಿ ಗುಂಡಿ ಹಚ್ಚುವುದು ಅತ್ತೆ. ಗಂಡ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್, ಅವನ ಸಂಬಳ ತಿಂಗಳ ನಡುವಿಗೇ ಏದುಸಿರು ಬಿಡುತ್ತಿತ್ತು. ಮಾವನವರ ಪಿಂಚಣಿ ಅವರ ಮಾತ್ರೆಗೆ, ಪೇಪರಿಗೆ, ಅರ್ಜಿಗಳ ಜೆರಾಕ್ಸಿಗೆ. ಉಳಿದ ಸಂಸಾರ ಮೆಷಿನ್ನಿನ ಮೇಲೆ ಓಡುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಹಾಗಾಗಿಯೇ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಮೂರನೆಯದೊಂದು ದೊಡ್ಡ ಶಾಲೆ ಅವಳನ್ನು ಕರೆಸಿ ಮಾತಾಡಿತ್ತು. ಕೆಲಸ ಇಷ್ಟವಾಗಿದೆ, ನಿಮ್ಮ ಕಸುಬಿಗೆ ನಗರಸಭೆಯ ಲೈಸೆನ್ಸ್ ಮಾಡಿಸಿಕೊಂಡು ಬನ್ನಿ, ಮೂರು ವರ್ಷದ ಕೆಲಸ ನಿಮಗೇ ಎಂದಿತ್ತು. ಸೊಸೆ ಆ ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಆ ಅರ್ಜಿ ಬರೆದುಕೊಡಿ ಎಂದು ಮಾವನವರನ್ನು ಕೇಳಿದಾಗ ಅವರಿಗೆ ಬಿಡುವಿರಲಿಲ್ಲ. ಒಂಬತ್ತನೇ ತರಗತಿಯ ಮಗಳು ಬರೆದುಕೊಟ್ಟಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಮಾವನವರು ಆಕ್ಷೇಪಣೆಯನ್ನು ಓದಿದರು. ತಟ್ಟೆ ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಒಂದು ಪುಟ. ಅದರ ಹೊಟ್ಟೆಯೊಳಗಿನ ವಾಕ್ಯ ಇದು: ವಾಸದ ಮನೆಗಳಿಂದ ನೂರು ಅಡಿಯೊಳಗೆ ಯಂತ್ರಚಾಲಿತವಾದ ಯಾವುದೇ ಕಸುಬಿಗೆ, ಅದು ಈಗಾಗಲೇ ನಡೆಯುತ್ತಿರಲಿ ಅಥವಾ ಹೊಸದಾಗಿರಲಿ, ಅವಕಾಶ ಕೊಡಕೂಡದು.

"ಗ್ಯಾರೇಜು ಅಂತ ಎಲ್ಲೂ ಬರಲೇ ಇಲ್ವಲ್ಲ ತಾತ," ಎಂದಳು ಮಗಳು.

"ಅದೇ ಕೈಚಳಕ! ಒಬ್ಬನ ಹೆಸರು ಬರೆದರೆ ಹೊಟ್ಟೆಕಿಚ್ಚು ಅಂತಾರೆ. ತತ್ವ ಬರೆದರೆ ಯಾರೂ ತುಟಿಪಿಟಕ್ ಅನ್ನೋ ಹಾಗಿಲ್ಲ. ನಮ್ಮ ಕಚೇರಿಯಲ್ಲಿ ನನ್ನ ಡ್ರಾಫ್ಟಿಗೆ ಯಾರೂ ಒಂದು ಅಕ್ಷರ ಸೇರಿಸಿದ್ದಿಲ್ಲ."

ಸೊಸೆ ಪಲ್ಯ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಮಾವ, ಈಗಾಗಲೇ ನಡೀತಿರೋದು ಅಂದ್ರೆ ನನ್ನ ಮೆಷಿನ್ನೂ ಬರತ್ತಲ್ಲ? ಅದಕ್ಕೂ ಮೋಟಾರಿದೆ."

"ಇಲ್ಲಿ ಯಂತ್ರ ಅಂದ್ರೆ ಯಾವ ಯಂತ್ರ ಅಂತ ಓದೋರಿಗೆ ಅರ್ಥ ಆಗತ್ತಮ್ಮ. ಅವರೂ ಮನುಷ್ಯರೇ."

"ಹಾಗಾದ್ರೆ 'ವಾಹನ ರಿಪೇರಿ' ಅಂತಾನೇ ಬರೀಬಹುದಲ್ಲ?"

"ಬರೀಬಹುದು," ಎಂದು ಮಾವನವರು ಕನ್ನಡಕ ತೆಗೆದರು. "ನೀನು ಬರೀಬಹುದು. ನಾನು ಬರೆಯಲ್ಲ."

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ತಲೆ ಎತ್ತದೆ ಊಟ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೊನೆಗೆ ಕೈ ತೊಳೆದುಕೊಂಡು ಬಂದು, "ಅಪ್ಪಂಗೆ ಅನುಭವ ಇದೆ, ಬಿಡು," ಎಂದ. ಅನುಭವವಂತೆ. ಮಾರನೇ ಬೆಳಿಗ್ಗೆ ಎಂಟಕ್ಕೆ ಮನೆಯವರೆಲ್ಲರ ಸಹಿ ಬೇಕೆಂದು ಮಾವನವರು ಕಾಗದ ಹಿಡಿದು ಅಡುಗೆಮನೆಗೇ ಬಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಮಗಳ ಡಬ್ಬಿ ಕಟ್ಟಿರಲಿಲ್ಲ, ಶಾಲೆಯವರಿಗೆ ಇಪ್ಪತ್ತು ಅಂಗಿ ಹೋಗಬೇಕಿತ್ತು. ಸೊಸೆ ಒದ್ದೆ ಕೈಯಲ್ಲೇ ಗೀಚಿಹಾಕಿದಳು. ಪೀಡೆ ತೊಲಗಲಿ ಎಂದು ಹಾಕಿದ ಸಹಿ ಅದು. ಹಾಕಿದ ಮೇಲೆ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಬೀದಿಯವರಂತೂ ಸಾಲಾಗಿ ಬಂದು ಸಹಿ ಹಾಕಿದರು. ಮೂಲೆಮನೆಯ ಮೇಷ್ಟರು, ಗ್ಯಾರೇಜು ಬಂದರೆ ಕೆಟ್ಟ ಕಾರುಗಳು ರಸ್ತೆ ತುಂಬ ನಿಲ್ಲುತ್ತವೆ ಎಂದರು. ಅವರದೇ ಕಾರು ಚಕ್ರದಲ್ಲಿ ಗಾಳಿಯಿಲ್ಲದೆ ಆರು ತಿಂಗಳಿಂದ ನಡುರಸ್ತೆಗೆ ವಾಲಿಕೊಂಡು ನಿಂತಿತ್ತು, ಅದರ ಬಾನೆಟ್ಟಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಎದುರುಮನೆಯ ಗಿರಣಿಯಮ್ಮ, "ಅಯ್ಯೋ, ಕುಟ್ಟೋ ಬಡಿಯೋ ಶಬ್ದ ಯಾರಿಗೆ ಬೇಕು ಯಜಮಾನ್ರೇ!" ಎಂದು ಕೂಗಿ ಹೇಳಿದರು. ಕೂಗಲೇಬೇಕಿತ್ತು, ಅವರ ಹಿಟ್ಟಿನ ಗಿರಣಿ ಓಡುತ್ತಿತ್ತಲ್ಲ. ಮನೆಯ ಬೆಲೆ ಬಿದ್ದುಹೋಗುತ್ತದೆ ಎಂದು ಹಲುಬಿದವರಲ್ಲಿ ಅರ್ಧ ಜನ ಬಾಡಿಗೆಗಿದ್ದರು. ಒಬ್ಬರಾದರೂ ಆ ವಾಕ್ಯವನ್ನು ಓದಲಿಲ್ಲ. ಅರ್ಜಿ ಯಜಮಾನರು ಬರೆದದ್ದು ಎಂದರೆ ಸರಿಯಾಗಿಯೇ ಇರುತ್ತದೆ ಎಂದುಕೊಂಡು ನಲವತ್ತೊಂದು ಜನ ಸಹಿ ಹಾಕಿದರು.

ಎರಡನೇ ವಾರ ಆ ಗ್ಯಾರೇಜು ಇಡಬೇಕೆಂದಿದ್ದ ಮೆಕ್ಯಾನಿಕ್ ತಾನೇ ಹುಡುಕಿಕೊಂಡು ಬಂದ. ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯ ಕಪ್ಪನ್ನು ಮುಚ್ಚಿಕೊಳ್ಳಲೆಂಬಂತೆ ಕೈ ಮುದುರಿಕೊಂಡಿದ್ದ. ಮಾವನವರು ಅವನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿದರು.

"ಯಜಮಾನ್ರೇ, ಸಂಜೆ ಆರಕ್ಕೆ ಬಾಗಿಲು ಹಾಕ್ತೀನಿ. ತಗಡು ಬಡಿಯೋ ಕೆಲಸ ನಾನು ಇಟ್ಕೊಳ್ಳೋದೇ ಇಲ್ಲ. ಹಳೇ ಆಯಿಲ್ಲು ಡ್ರಮ್ಮಿಗೆ ತುಂಬಿಸಿ ವಾರಕ್ಕೊಂದು ಸಲ ಕಳಿಸ್ತೀನಿ, ಚರಂಡಿಗೆ ಒಂದು ಹನಿ ಬಿಡಲ್ಲ. ನೀವು ಏನು ಷರತ್ತು ಹಾಕಿದ್ರೂ ಬರ್ಕೊಡ್ತೀನಿ."

"ಷರತ್ತಿನ ಪ್ರಶ್ನೆ ಅಲ್ಲಪ್ಪ. ತತ್ವದ ಪ್ರಶ್ನೆ."

"ತತ್ವ ನಂಗೆ ಗೊತ್ತಿಲ್ಲ ಸಾರ್. ಗಾಡಿ ಗೊತ್ತು." ಅವನ ಕಿವಿ ಮುಂದಿನ ಕೋಣೆಯ ಕಡೆ ನೆಟ್ಟಗಾಯಿತು. "ಅಮ್ಮಾ, ಆ ಮೆಷಿನ್ನಿನ ಬೆಲ್ಟು ಸಡಿಲ ಆಗಿದೆ ನೋಡಿ. ಸದ್ದು ಹೇಳ್ತಿದೆ. ಹಾಗೇ ಓಡಿಸಿದ್ರೆ ಮೋಟಾರು ಸುಡತ್ತೆ."

ಸೊಸೆ ನೋಡಿದಳು. ಹೌದು, ಸಡಿಲವಾಗಿತ್ತು. ಎರಡು ವಾರದಿಂದ ಮೆಷಿನ್ನು ಯಾಕೆ ಮುಲುಗುತ್ತಿದೆ ಎಂದು ಅವಳು ತಲೆ ಕೆಡಿಸಿಕೊಂಡಿದ್ದಳು. ಆ ಶಬ್ದ ಕೇಳುತ್ತ ಹನ್ನೊಂದು ವರ್ಷ ಅದೇ ಮನೆಯಲ್ಲಿ ಉಂಡವರಿಗೆ ಅದರಲ್ಲಿ ಏನೂ ಕೇಳಿಸಿರಲಿಲ್ಲ. ಮೆಟ್ಟಿಲ ಮೇಲೆ ಐದು ನಿಮಿಷ ನಿಂತವನಿಗೆ ಕೇಳಿಸಿತು. "ಟೀ ಕುಡ್ಕೊಂಡು ಹೋಗಿ ಅಣ್ಣ," ಎಂದಳು. ಮಾವನವರು ದುರುಗುಟ್ಟಿ ನೋಡಿದರು. ಮೆಕ್ಯಾನಿಕ್ ಆ ನೋಟ ನೋಡಿ ಇನ್ನೊಮ್ಮೆ ಬರ್ತೀನಿ ಎಂದು ಹೊರಟುಹೋದ.

ತಿಂಗಳಾಯಿತು. ನಗರಸಭೆಯಿಂದ ಉತ್ತರ ಬಂದಾಗ ಮಾವನವರು ಅದನ್ನು ನಡುಮನೆಯಲ್ಲಿ ನಿಂತು ಓದಿದರು. "ಆಕ್ಷೇಪಣೆಯನ್ನು ತಾತ್ವಿಕವಾಗಿ ಒಪ್ಪಲಾಗಿದೆ! ಕೇಳಿದೆಯೇನೇ? ತಾತ್ವಿಕವಾಗಿ!" ಅತ್ತೆ ಅವರೆಕಾಳು ಬಿಡಿಸುತ್ತಿದ್ದವರು ಹೂಂಗುಟ್ಟಿದರು. ಮೂರನೇ ದಿನ ಅಳತೆಯ ಟೇಪು ಹಿಡಿದ ಇನ್ಸ್‌ಪೆಕ್ಟರ್ ಬಂದ. ಮಾವನವರು ಎದೆಯುಬ್ಬಿಸಿಕೊಂಡು ಗೇಟು ತೆಗೆದರು.

"ಮೊದಲ ಸಹಿ ನಿಮ್ಮದೇ ಅಲ್ವಾ ಸಾರ್? ನಿಮ್ಮಿಂದಲೇ ಶುರು ಮಾಡೋಣ," ಎಂದ ಅವನು. ಮುಂದಿನ ಕೋಣೆಗೆ ಬಂದು ಬಗ್ಗಿ ನೋಡಿದ. "ಮೋಟಾರಿನ ಮೆಷಿನ್ನು ಮೂರು," ಎಂದು ಬರೆದುಕೊಂಡ.

"ಇದನ್ನ ಯಾಕ್ರೀ ಬರೀತೀರಿ?" ಎಂದರು ಮಾವನವರು.

"ನೀವೇ ಬರೆದಿದೀರಲ್ಲ ಸಾರ್. ಯಂತ್ರಚಾಲಿತವಾದ ಯಾವುದೇ ಕಸುಬು, ಈಗಾಗಲೇ ನಡೆಯುತ್ತಿರಲಿ ಅಥವಾ ಹೊಸದಾಗಿರಲಿ. ಎಂಥ ಡ್ರಾಫ್ಟು! ನಮ್ಮ ಸಾಹೇಬ್ರು ಎರಡು ಸಲ ಓದಿಸಿದ್ರು."

ಅಂದು ಸಂಜೆಯೊಳಗೆ ಅವನು ಬೀದಿ ಪೂರ್ತಿ ಜಾಲಾಡಿದ. ಗಿರಣಿ, ಬೇಕರಿಯ ಹಿಟ್ಟು ಕಲಸುವ ಯಂತ್ರ, ಕ್ಷೌರದಂಗಡಿಯ ಕರೆಂಟಿನ ಕತ್ತರಿ, ಎಲ್ಲವೂ ಪಟ್ಟಿಗೆ ಬಿದ್ದವು. ಮಾರನೇ ಬೆಳಿಗ್ಗೆ ಗಿರಣಿಯಮ್ಮ ಗೇಟು ಹಿಡಿದು ನಿಂತರು. "ಯಜಮಾನ್ರೇ, ಗ್ಯಾರೇಜು ಬೇಡ ಅಂತ ಬರೀರಿ ಅಂದ್ರೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ್ರಲ್ಲ!" ನಿನ್ನೆಯವರೆಗೆ ಕೈ ಮುಗಿಯುತ್ತಿದ್ದ ಮೇಷ್ಟರು ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋದರು. ಮಾವನವರು ಎರಡು ದಿನ ಪೇಪರ್ ಹಿಡಿದುಕೊಂಡು ಕೂತರು, ಪುಟ ತಿರುಗಿಸಲಿಲ್ಲ.

ಈ ಪಟ್ಟಿಯ ಮೇಲೆ ನಗರಸಭೆ ನಡೆಸುವ ವಿಚಾರಣೆಗೆ ಎರಡು ವಾರವಿತ್ತು. ಮೊದಲ ಸಹಿಯವರು ಆಕ್ಷೇಪಣೆ ವಾಪಸು ಪಡೆದರೆ ಕಡತವೇ ಮುಚ್ಚಿಹೋಗುತ್ತದೆ ಎಂದು ಇನ್ಸ್‌ಪೆಕ್ಟರೇ ಹೇಳಿ ಹೋಗಿದ್ದ. ಒಂದು ಸಾಲು ಬರೆದುಕೊಟ್ಟರೆ ಸಾಕು. ಆ ಒಂದು ಸಾಲಿಗಾಗಿ ಮನೆಯಲ್ಲಿ ದಿನಾ ಜಗಳ.

"ಬರೆದುಕೊಡಿ ಅಂದ್ರೆ," ಎಂದರು ಅತ್ತೆ, ಎದುರಿಗೆ ತಟ್ಟೆ ಕುಕ್ಕಿ. "ಅದೇನು ನಿಮ್ಮ ಆಸ್ತಿ ಹೋಗತ್ತಾ?"

"ಮೂವತ್ತೆಂಟು ವರ್ಷದಲ್ಲಿ ಬರೆದದ್ದನ್ನ ಒಂದು ಸಲಾನೂ ಹೊಡೆದು ಹಾಕಿದೋನಲ್ಲ ನಾನು. ಬೀದಿಯವರ ಮುಂದೆ ನನ್ನ ಮರ್ಯಾದೆ ಏನಾಗತ್ತೆ?"

"ಬೀದಿಯವರ ಮುಂದೆ ಇನ್ನೂ ಇದೆಯಾ ಅದು?"

"ನೀನು ಸುಮ್ನಿರು. ನಿನಗೆ ಆಡಳಿತ ಗೊತ್ತಿಲ್ಲ."

ಅತ್ತೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಸೊಸೆ ಗಂಡನನ್ನು ಹಿತ್ತಿಲಿಗೆ ಕರೆದು, "ನೀವಾದ್ರೂ ಒಂದು ಮಾತು ಹೇಳಿ. ಮೆಷಿನ್ನು ನಿಂತ್ರೆ ಮಗಳ ಫೀಸು ಎಲ್ಲಿಂದ ಕಟ್ತೀರಿ?" ಎಂದಳು.

"ನಾನು ಹೇಗೆ ಹೇಳ್ಲೇ ಅಪ್ಪಂಗೆ? ಒಂದು ಮಾತೂ ಎದುರು ಆಡಿದೋನಲ್ಲ."

"ಅಪ್ಪ ಬರೆದದ್ದು ಹೊಡೆದು ಹಾಕಿದೋರಲ್ಲ, ಮಗ ಎದುರು ಮಾತಾಡಿದೋರಲ್ಲ. ಒಳ್ಳೇ ವಂಶ."

ಗಂಡ ಮುಖ ಸಿಂಡರಿಸಿಕೊಂಡು ಚಪ್ಪಲಿ ಹುಡುಕಿದ. ದಿನವಿಡೀ ಬೇರೆಯವರ ಕಾಲಿಗೆ ಚಪ್ಪಲಿ ಹುಡುಕುವವನು, ತನ್ನದು ಸಿಗದೆ ಮಗಳದ್ದು ಮೆಟ್ಟಿಕೊಂಡು ಹೊರಟ.

ವಿಚಾರಣೆ ನಗರಸಭೆಯ ಸಭಾಂಗಣದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮನೆಮಂದಿಯೆಲ್ಲ ಹೋದರು. ಅತ್ತೆ ಕೂಡ ಒಳ್ಳೆ ಸೀರೆಯುಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನೆಗಡಿಯಾದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಬರೆಯುವ ಗುಮಾಸ್ತ. ಮೆಕ್ಯಾನಿಕ್ ಕಂಬಕ್ಕೆ ಒರಗಿ ನಿಂತಿದ್ದ. ಅಧಿಕಾರಿ ಮಾವನವರ ವಾಕ್ಯವನ್ನು ಗಟ್ಟಿಯಾಗಿ ಓದಿ, ಎರಡು ಸಲ ಸೀನಿ, "ವಾಪಸ್ ತಗೋತೀರಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ," ಎಂದರು ಮಾವನವರು.

"ಹಾಗಾದ್ರೆ ಪಟ್ಟಿಯಲ್ಲಿರೋ ಯಂತ್ರಗಳನ್ನ ಹದಿನೈದು ದಿನದಲ್ಲಿ ತೆಗೀಬೇಕು. ಯಾರದಾದರೂ ಕಸುಬೇ ಅಲ್ಲ, ಸ್ವಂತ ಬಳಕೆಗೆ ಅಂತಿದ್ರೆ ಇಲ್ಲೊಂದು ಹೇಳಿಕೆ ಇದೆ, ಸಹಿ ಹಾಕಿ. ಅಂಥವರನ್ನ ಬಿಟ್ಟುಬಿಡ್ತೀವಿ."

ಗಿರಣಿಯಮ್ಮ ದಡದಡ ಮುಂದೆ ಬಂದರು. "ನಮ್ಮದು ಮನೆಮಂದಿಗೆ ಮಾತ್ರ ಸ್ವಾಮಿ, ಹೊರಗಿನವರಿಗೆ ಒಂದು ಕಾಳೂ ಬೀಸಲ್ಲ!" ಆ ಹೊತ್ತಿಗೆ ಅವರ ಗಿರಣಿಯ ಮುಂದೆ ಡಬ್ಬಿಗಳ ಸಾಲು ರಸ್ತೆಗೆ ಬಂದಿತ್ತು. ಕ್ಷೌರಿಕ, ಕರೆಂಟಿನ ಕತ್ತರಿಯಲ್ಲಿ ತನ್ನ ಕೂದಲನ್ನೇ ಕತ್ತರಿಸಿಕೊಳ್ಳುವುದು ಎಂದ. ಅವನ ತಲೆ ಪೂರ್ತಿ ಬೋಳು. ಗುಮಾಸ್ತ ನಗದೆ ಬರೆದುಕೊಂಡ. ಒಬ್ಬೊಬ್ಬರೇ ಸಹಿ ಹಾಕಿ, ಬಾಲ ಮುದುರಿಕೊಂಡು ಹಿಂದೆ ಸರಿದರು.

ಮಾವನವರಿಗೆ ದಾರಿ ಕಂಡಿತು. ಶಾಲು ಸರಿಪಡಿಸಿಕೊಂಡು ಎದ್ದು ನಿಂತರು. ಎಷ್ಟೋ ದಿನದ ಮೇಲೆ ಅವರ ದನಿಗೆ ಕಚೇರಿಯ ಹದ ಬಂದಿತ್ತು.

"ಸ್ವಾಮಿ, ನಮ್ಮ ಮನೇಲಿರೋದೂ ಕಸುಬಲ್ಲ. ಹೆಂಗಸರು ಹೊತ್ತು ಹೋಗ್ಲಿ ಅಂತ ಇಟ್ಕೊಂಡಿರೋದು. ಒಂದು ಹವ್ಯಾಸ. ಅದರಿಂದ ನಮಗೆ ಬರೋದೇನೂ ಇಲ್ಲ. ಮನೆ ನನ್ನ ಪಿಂಚಣೀಲಿ, ಮಗನ ಸಂಬಳದಲ್ಲಿ ನಡೆಯತ್ತೆ."

ಅಷ್ಟು ಜನರ ಮುಂದೆ. ಸೊಸೆಯ ಕಿವಿ ಬಿಸಿಯಾಯಿತು. ಅಳು ಬರುವ ಹಾಗಾಯಿತು, ಬರಲಿಲ್ಲ. ಇವರಿಗೆ ಗೊತ್ತಿಲ್ಲದೆ ಹೇಳಿದ್ದಲ್ಲ, ಗೊತ್ತಿದ್ದೇ ಹೇಳಿದ್ದು. ತಾವು ಬರೆದ ಒಂದು ಸಾಲು ಉಳಿಯಲಿ ಎಂದು ಹನ್ನೊಂದು ವರ್ಷವನ್ನು ಹೊಡೆದು ಹಾಕಿದರು.

"ಹಾಗಾದ್ರೆ ಸಹಿ ಹಾಕ್ಬಿಡಿ ಅಮ್ಮ, ಮುಗೀತು," ಎಂದು ಅಧಿಕಾರಿ ಕಾಗದ ಸರಿಸಿದರು.

"ಹಾಕ್ಬಿಡೆ," ಎಂದು ಗಂಡ ಪಿಸುಗುಟ್ಟಿದ. "ಮೆಷಿನ್ನು ಉಳಿಯತ್ತೆ. ಒಂದು ಸಹಿ ತಾನೇ?"

ಅವಳು ಮೇಜಿನವರೆಗೆ ಹೋದಳು. ಕಾಗದವನ್ನು ಈ ಸಲ ಪೂರ್ತಿ ಓದಿದಳು. ನಾನು ಯಾವ ಕಸುಬನ್ನೂ ಮಾಡುತ್ತಿಲ್ಲ, ಇದರಿಂದ ನನಗೆ ಯಾವ ಆದಾಯವೂ ಇಲ್ಲ, ಮುಂದೆಯೂ ಇದನ್ನು ಕಸುಬೆಂದು ಹೇಳಿಕೊಳ್ಳುವುದಿಲ್ಲ.

"ಇದಕ್ಕೆ ಸಹಿ ಹಾಕಿದ್ರೆ ನನ್ನ ಲೈಸೆನ್ಸಿನ ಅರ್ಜಿ?"

"ಕಸುಬೇ ಇಲ್ಲ ಅಂದ್ಮೇಲೆ ಲೈಸೆನ್ಸ್ ಎಲ್ಲಿಂದಮ್ಮ? ಅದು ವಜಾ ಆಗತ್ತೆ."

"ಹಾಗಾದ್ರೆ ಹಾಕಲ್ಲ ಸಾರ್. ನಮ್ಮ ಮಾವ ಹೇಳಿದ್ದು ಸುಳ್ಳು. ಇದು ಕಸುಬು. ಎರಡು ಶಾಲೆಗೆ ಬಟ್ಟೆ ಹೊಲೀತೀನಿ, ಮೂರನೇದು ಬರ್ತಿದೆ. ನಮ್ಮನೇಲಿ ಅನ್ನ ಬೇಯೋದು ಅದರಿಂದ. ಇವರು ಅರ್ಜಿ ಬರಿಯೋಕೆ ಕೂರ್ತಾರಲ್ಲ, ಆ ಕುರ್ಚಿ ತಂದಿದ್ದೂ ಅದರಿಂದ. ಬರ್ಕೊಳ್ಳಿ."

"ತೆಗೀಬೇಕಾಗತ್ತಲ್ಲಮ್ಮ," ಎಂದರು ಅಧಿಕಾರಿ, ಮೆತ್ತಗೆ.

"ತೆಗೀತೀನಿ. ನೂರು ಅಡಿ ಆಚೆಗೆ ಹೋಗ್ತೀನಿ. ಅಲ್ಲಿ ಲೈಸೆನ್ಸ್ ಕೊಡ್ತೀರಾ?"

"ಅಲ್ಲಿ ಕೊಡಬಹುದು."

ಗುಮಾಸ್ತ ಪೆನ್ನು ಎತ್ತಿ ಮಾವನವರ ಕಡೆ ನೋಡಿದ. "ಕಸುಬಿನ ಯಜಮಾನರು ಯಾರು ಅಂತ ಬರೀಲಿ?"

"ಇಲ್ಲಿ ನೋಡಿ ಕೇಳಿ," ಎಂದಳು ಸೊಸೆ. "ನಾನು."

ಮನೆಗೆ ಬರುವವರೆಗೂ ಮಾವನವರು ಬೈದರು. ಮನೆಯ ಮಾನ ಹರಾಜು ಹಾಕಿದಳು ಎಂದರು, ಹಿರಿಯರನ್ನು ಸುಳ್ಳ ಅಂದವಳು ಉದ್ಧಾರವಾಗುವುದುಂಟೇ ಎಂದರು. ಸೊಸೆ ಹೊರಗೆ ಒಂದು ಕೋಣೆ ಹಿಡಿದರೆ ಬಾಡಿಗೆ ಎಷ್ಟಾದೀತು ಎಂದು ಲೆಕ್ಕ ಹಾಕುತ್ತ ನಡೆದಳು. ಅವಳಿಗೆ ಅವರ ಮೇಲೆ ಸಿಟ್ಟು ಕೂಡ ಉಳಿದಿರಲಿಲ್ಲ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಗೌರವವೇ.

ಮೆಕ್ಯಾನಿಕ್ಕಿಗೆ ಊರಾಚೆಯ ರಸ್ತೆಯಲ್ಲಿ ಒಂದು ಹಳೇ ಗೋದಾಮು ಸಿಕ್ಕಿತ್ತು. ಸುತ್ತ ಒಂದೂ ಮನೆಯಿಲ್ಲ. ಅದಕ್ಕೆ ತಗುಲಿದ ಹಾಗೆ ಬೇರೆ ಬಾಗಿಲಿನ ಒಂದು ಕೋಣೆ ಖಾಲಿಯಿದೆ ಎಂದು ಅವನೇ ಬಂದು ಹೇಳಿದ. ಸೊಸೆ ಗೋದಾಮಿನ ಮಾಲೀಕನ ಹತ್ತಿರ ಹೋಗಿ ಕೋಣೆ ಗೊತ್ತು ಮಾಡಿಕೊಂಡಳು. ಗಂಡನಿಗೆ ಆಮೇಲೆ ತಿಳಿಸಿದಳು. "ಹೌದಾ," ಎಂದ.

ಹದಿನಾಲ್ಕನೇ ದಿನ ಬೆಳಿಗ್ಗೆ ಮೆಕ್ಯಾನಿಕ್ ತನ್ನ ಗೂಡ್ಸ್ ಗಾಡಿಯನ್ನು ಗೇಟಿಗೆ ತಂದು ನಿಲ್ಲಿಸಿದ. ಮೆಷಿನ್ನಿನ ತಲೆಗಳನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿದ್ದಾಗಿತ್ತು. ಮೇಜುಗಳ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ಸೊಸೆ. ಮಗಳು ದಾರದ ಪೆಟ್ಟಿಗೆ ತಂದಿಟ್ಟಳು. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಗಿರಣಿಯಮ್ಮ ಗಿರಣಿ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರು.

"ಎಲ್ಲರೂ ನೋಡ್ತಿದಾರೆ," ಎಂದು ಮಾವನವರು ಮೆಟ್ಟಿಲ ಮೇಲಿಂದ ಗೊಣಗಿದರು. ಯಾರೂ ತಿರುಗಿ ನೋಡಲಿಲ್ಲ. ಆಗ ಒಳಗಿಂದ ಅತ್ತೆ ಬಂದರು. ತಲೆ ಬಾಚಿಕೊಂಡಿದ್ದರು, ಕೈಯಲ್ಲಿ ಕನ್ನಡಕದ ಡಬ್ಬಿಯಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ನೀನೆಲ್ಲಿಗೆ ಹೊರಟೆ?" ಎಂದರು ಮಾವನವರು. "ಹನ್ನೆರಡಕ್ಕೆ ನನ್ನ ಊಟ, ಮಾತ್ರೆ?"

ಅತ್ತೆ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡರು.

"ಕೆಲಸಕ್ಕೆ," ಎಂದರು. ಗಾಡಿಯ ಮುಂದಿನ ಸೀಟಿಗೆ ಹತ್ತಿ, ಸೊಸೆಗೆ ಜಾಗ ಮಾಡಿಕೊಟ್ಟು ಕೂತರು.